ಸಾಗುವಾನಿ ಕಿಟಕಿಯ ಹಳೇ ವಾರ್ನಿಶ್ ಮೇಲೆ ಬಿಳಿ ಬಣ್ಣ ನಿಲ್ಲುತ್ತಾ?

ಮಾಟುಂಗಾ ಸೊಸೆ · ನವೆಂಬರ್ 8

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಾಟುಂಗಾದಲ್ಲಿ, ಫೈವ್ ಗಾರ್ಡನ್ಸ್ ಹತ್ತಿರ. ಹಳೇ ಕಟ್ಟಡ, ಎರಡನೇ ಮಹಡಿ. ಮಾವನವರ ಕಾಲದ ಮನೆ. ಏಳು ಕಿಟಕಿ, ಐದು ಬಾಗಿಲು, ಹಾಲ್‌ನಲ್ಲಿ ಗೋಡೆಯೊಳಗೇ ಕೂತಿರುವ ಒಂದು ಕಪಾಟು. ಎಲ್ಲವೂ ಸಾಗುವಾನಿ, ಎಲ್ಲಕ್ಕೂ ವಾರ್ನಿಶ್. ಎಷ್ಟು ಸಲ ಬಳಿದಿದ್ದಾರೋ ದೇವರಿಗೇ ಗೊತ್ತು, ಈಗ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಎದುರಿಗೆ ದೊಡ್ಡ ಟವರ್ ಎದ್ದ ಮೇಲಂತೂ ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕುತ್ತೇವೆ.

ನನಗೆ ಬಿಳಿ ಬೇಕು. ಹಾಲು ಬಿಳಿಯಲ್ಲ, ಸ್ವಲ್ಪ ಕೆನೆ ಬಣ್ಣ. ಅತ್ತೆಗೆ ಸುತರಾಂ ಇಷ್ಟವಿಲ್ಲ. "ಸಾಗುವಾನಿಗೆ ಬಣ್ಣ ಬಳಿಯೋದೂ ಜರಿ ಸೀರೆಗೆ ಗಂಜಿ ಹಾಕೋದೂ ಒಂದೇ" ಅನ್ನುತ್ತಾರೆ. ಗಂಡ ಇಬ್ಬರ ಮಾತಿಗೂ ತಲೆಯಾಡಿಸುತ್ತಾರೆ.

ಪೇಂಟರ್ ಒಬ್ಬ ಬಂದು ನೋಡಿದ. "ಡೈರೆಕ್ಟ್ ಆಯಿಲ್ ಪೇಂಟ್ ಎರಡು ಕೈ ಹೊಡೀತೀನಿ, ನಾಲ್ಕು ದಿನದ ಕೆಲಸ" ಅಂದ. ಉಜ್ಜುವುದು ಬೇಡವಾ ಅಂತ ಕೇಳಿದರೆ ನಕ್ಕ. ಆ ನಗು ನೋಡಿ ನನಗೆ ಅನುಮಾನ ಬಂತು. ಮಾಡಿಸಿದವರು ಯಾರಾದರೂ ಇದ್ದೀರಾ?

ವಸಾಯಿ ಬಾಡಿಗೆದಾರ · ನವೆಂಬರ್ 8

ಅಕ್ಕ, "ಡೈರೆಕ್ಟ್" ಅಂದ ಕೂಡಲೇ ಅವನಿಗೆ ಒಂದು ಚಹಾ ಕೊಟ್ಟು ಕಳಿಸಿಬಿಡಿ.

ನಾನೇ ಮಾಡಿ ಕೆಟ್ಟಿದ್ದೇನೆ. ಮೂರು ವರ್ಷದ ಹಿಂದೆ ಮಾಲೀಕರನ್ನು ಒಪ್ಪಿಸಿ ಮಲಗುವ ಕೋಣೆಯ ಕಿಟಕಿಗೆ ನಾನೇ ಬಿಳಿ ಎನಾಮೆಲ್ ಬಳಿದೆ. ಕೆಳಗೆ ಪಳಪಳ ಹೊಳೆಯುವ ವಾರ್ನಿಶ್. ಬಟ್ಟೆಯಲ್ಲಿ ಒರೆಸಿದೆ, ಬಳಿದೆ, ಫೋಟೋ ತೆಗೆದು ಊರಿಗೆ ಕಳಿಸಿದೆ. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ದಿನ ಸೊಳ್ಳೆ ಪರದೆಯ ಅಂಟುಪಟ್ಟಿ ಕಿತ್ತೆ. ಅದರ ಜೊತೆ ಬಣ್ಣವೂ ಬಂತು, ಬಿಸಿ ಹಾಲಿನ ಕೆನೆ ಎತ್ತಿದ ಹಾಗೆ, ಒಂದೇ ಹಾಳೆ. ಕೆಳಗಿನ ವಾರ್ನಿಶ್‌ಗೆ ಒಂದು ಗೀರೂ ಬಿದ್ದಿರಲಿಲ್ಲ. ಅದು ನನ್ನನ್ನು ನೋಡಿ ನಕ್ಕ ಹಾಗಿತ್ತು.

ಮುಲುಂಡ್ ಭಟ್ರು · ನವೆಂಬರ್ 9

ವಸಾಯಿಯವರು ಹೇಳಿದ್ದು ಸರಿ. ಗಾಜಿನಂಥ ಮೈಯಲ್ಲಿ ಬಣ್ಣಕ್ಕೆ ಹಿಡಿದುಕೊಳ್ಳಲಿಕ್ಕೆ ಏನೂ ಇಲ್ಲ. ಬಣ್ಣಕ್ಕೆ ಉಗುರು ಊರಲು ಗೀರು ಬೇಕು ಮಾರಾಯ್ರೇ. ಉಜ್ಜುವುದು ಅದಕ್ಕಾಗಿಯೇ.

ನಾನು ಬಣ್ಣದವನಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವ. ಆದರೆ ಮುಲುಂಡ್ ಮನೆಯ ಎಲ್ಲ ಮರದ ಕೆಲಸಕ್ಕೂ ನಾನೇ ಕೈ ಹಾಕಿದ್ದೇನೆ, ಹೆಂಡತಿ ಬೈದರೂ. ತಂಗಿ, ಹೀಗೆ ಮಾಡಿ.

ಮೊದಲು ತೊಳೆಯುವುದು. ಜನ ಇದನ್ನೇ ಬಿಡುವುದು. ಅರ್ಧ ಬಕೆಟ್ ಬಿಸಿ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಒರೆಸಿ. ಅಡುಗೆಮನೆ ಕಿಟಕಿಯಲ್ಲಿ ಒಗ್ಗರಣೆ ಜಿಡ್ಡು ಎಷ್ಟು ಉಂಟೆಂದು ಆಗ ಗೊತ್ತಾಗುತ್ತದೆ. ಆಮೇಲೆ ಬರೀ ನೀರಿನಲ್ಲಿ ಎರಡು ಸಲ ಒರೆಸಿ, ಒಂದು ದಿನ ಒಣಗಲು ಬಿಡಿ. ಜಿಡ್ಡು ತೆಗೆಯದೆ ಉಜ್ಜಿದರೆ ಆ ಜಿಡ್ಡನ್ನೇ ಗೀರಿನೊಳಗೆ ತುಂಬಿದ ಹಾಗೆ.

ಆಮೇಲೆ ಉಪ್ಪು ಕಾಗದ. 120 ನಂಬರಿನಲ್ಲಿ ಶುರುಮಾಡಿ 180ಕ್ಕೆ ಮುಗಿಸಿ. ಮರ ಕಾಣುವ ತನಕ ಉಜ್ಜಬೇಕಾಗಿಲ್ಲ. ಹೊಳಪು ಸಾಯಬೇಕು, ಅಷ್ಟೇ. ಕಿಟಕಿಗೆ ಅಡ್ಡವಾಗಿ ನಿಂತು ಬೆಳಕಿಗೆ ನೋಡಿ. ಎಲ್ಲಿ ಮಿಂಚುತ್ತದೋ ಅಲ್ಲಿ ಇನ್ನೂ ಉಜ್ಜಿಲ್ಲ ಎಂದರ್ಥ. ಚೌಕಟ್ಟಿನ ಕೆತ್ತನೆ, ಮೂಲೆಗಳಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಒಳ್ಳೆಯದು. ಹೊಸದು ತಗೊಳ್ಳಿ, ಸಿಂಕಿನದ್ದಲ್ಲ.

ಧೂಳು ಒರೆಸಿ, ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಆಮೇಲೆ ಪ್ರೈಮರ್, ಇಲ್ಲಿಯ ಪೇಂಟರ್‌ಗಳ ಭಾಷೆಯಲ್ಲಿ ಅಸ್ತರ್. ತೆಳ್ಳಗೆ ಒಂದು ಕೈ. ರಾತ್ರಿಯಿಡೀ ಒಣಗಲಿ. ತೂತು, ಸೀಳಿಗೆ ಲಾಂಬಿ (ಮರಕ್ಕೆ ತುಂಬುವ ಪುಟ್ಟಿ) ತುಂಬುವುದು ಅಸ್ತರ್ ಆದ ನಂತರ, ಮೊದಲಲ್ಲ. ಯಾಕೆಂದರೆ ಮರದ ಎಲ್ಲ ಕುಂದು ಕಣ್ಣಿಗೆ ಬೀಳುವುದೇ ಬಿಳಿ ಬಿದ್ದ ಮೇಲೆ. ಲಾಂಬಿ ಒಣಗಿದ ಮೇಲೆ 220ರಲ್ಲಿ ಸಮ ಮಾಡಿ, ಅಷ್ಟು ಜಾಗಕ್ಕೆ ಮತ್ತೆ ಅಸ್ತರ್ ಮುಟ್ಟಿಸಿ. ಕೊನೆಗೆ ಬಣ್ಣ ಎರಡು ಕೈ, ನಡುವೆ 320ರಲ್ಲಿ ಹಗುರವಾಗಿ ಸವರಿ.

ಏಳು ಕಿಟಕಿಗೆ ನಾಲ್ಕು ದಿನ ಅಂದನಾ? ಉಜ್ಜಲಿಕ್ಕೇ ನಾಲ್ಕು ದಿನ ಬೇಕು.

ಡೊಂಬಿವಲಿ ಬಣ್ಣದಂಗಡಿ · ನವೆಂಬರ್ 9

ಭಟ್ರು ಎಲ್ಲ ಹೇಳಿದರು, ಒಂದು ಬಿಟ್ಟರು. ಕೆಳಗಿರುವುದು ಯಾವ ಪಾಲಿಶ್ ಅಂತ ನೋಡದೆ ಪ್ರೈಮರ್ ಆರಿಸಬಾರದು. ಗಿರಾಕಿಗಳು ಎಲ್ಲಕ್ಕೂ "ವಾರ್ನಿಶ್" ಅಂತಾರೆ. ಅದರಲ್ಲಿ ನಾಲ್ಕು ಜಾತಿ.

ಹಳೇದು ಫ್ರೆಂಚ್ ಪಾಲಿಶ್. ಅಂದರೆ ಅರಗು. ನಮ್ಮ ಕಡೆ ಪಾಲಿಶ್‌ವಾಲಾಗಳು ಚಪಡಾ ಅಂತಾರೆ. ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಲ್ಲಿ ಉಜ್ಜುವುದು. ಅದು ಮತ್ತೆ ಸ್ಪಿರಿಟ್‌ಗೇ ಕರಗುತ್ತೆ. ಎರಡನೇದು ಎಣ್ಣೆ ವಾರ್ನಿಶ್. ಅದಕ್ಕೆ ಸ್ಪಿರಿಟ್ ಹಾಕಿದರೆ ಏನೂ ಆಗಲ್ಲ. ಮೂರನೇದು ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್, ಅದು ಥಿನ್ನರ್‌ಗೆ ಕರಗುತ್ತೆ. ನಾಲ್ಕನೇದು ಮೆಲಮೈನ್, ಪಿಯು (ಪಾಲಿಯುರೆಥೇನ್). ಇವೆರಡೂ ಸ್ಪಿರಿಟ್‌ಗೂ ಜಗ್ಗಲ್ಲ, ಥಿನ್ನರ್‌ಗೂ ಜಗ್ಗಲ್ಲ.

ಕಾಣದ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಾಕಿ ಎರಡು ನಿಮಿಷ ಒತ್ತಿಡಿ. ಅಂಟಂಟಾದರೆ ಅರಗು. ಇಲ್ಲದಿದ್ದರೆ ಥಿನ್ನರ್‌ನಲ್ಲಿ ನೋಡಿ. ಕರಗಿ ಕೈಗೆ ಬಂದರೆ ಲ್ಯಾಕರ್. ಕರಗದೆ ಸುಕ್ಕುಗಟ್ಟಿ ಎದ್ದರೆ ಎಣ್ಣೆ ವಾರ್ನಿಶ್.

ಇದರಿಂದ ಏನು ಉಪಯೋಗ ಅಂದರೆ, ಎಣ್ಣೆ ವಾರ್ನಿಶ್ ಮೇಲೆ ಥಿನ್ನರ್ ಹಾಕುವ ಬಣ್ಣ, ಬಡಗಿಗಳು ಡುಕೋ ಅನ್ನುತ್ತಾರಲ್ಲ, ಅದನ್ನು ಸ್ಪ್ರೇ ಮಾಡಿಸಿದರೆ ಕೆಳಗಿನದು ಹಪ್ಪಳದ ಹಾಗೆ ಏಳುತ್ತೆ. ಟರ್ಪೆಂಟೈನ್ ಬೆರೆಸುವ ಆಯಿಲ್ ಪ್ರೈಮರ್ ಆದರೆ ನಾಲ್ಕರ ಮೇಲೂ ಕೂರುತ್ತೆ, ಉಜ್ಜಿದ್ದರೆ ಮಾತ್ರ.

ಮಾಟುಂಗಾ ಸೊಸೆ · ನವೆಂಬರ್ 10

ಮನೆಯಲ್ಲಿ ಸ್ಪಿರಿಟ್ ಇರಲಿಲ್ಲ. ಕೋವಿಡ್ ಕಾಲದ ಸ್ಯಾನಿಟೈಸರ್ ಮೂರು ಬಾಟಲಿ ಇತ್ತು. ಅದೂ ಆಲ್ಕೋಹಾಲೇ ಅಲ್ವಾ ಅಂತ ಅದನ್ನೇ ಹಾಕಿದೆ.

ಒಳಗಿನ ಬಾಗಿಲುಗಳು ಎರಡು ನಿಮಿಷಕ್ಕೆ ಅಂಟಿದವು. ಹತ್ತಿ ಕಂದು ಬಣ್ಣ ಆಯಿತು. ಕಿಟಕಿಗಳಿಗೆ ಏನೂ ಆಗಲಿಲ್ಲ. ಆಮೇಲೆ ಥಿನ್ನರ್ ತಂದು ನೋಡಿದೆ, ಸುಕ್ಕು ಬಂತು. ಕಪಾಟು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ತೊಂಬತ್ತರ ದಶಕದಲ್ಲಿ ಅದಕ್ಕೆ ಹೊಸ ಪಾಲಿಶ್ ಮಾಡಿಸಿದ್ದು ಅಂತ ಅತ್ತೆ ನೆನಪು ಮಾಡಿಕೊಂಡರು. ಮೆಲಮೈನ್ ಇರಬೇಕು.

ಇನ್ನೊಂದು ವಿಷಯ. ಬಾಗಿಲಿನಲ್ಲಿ ನಾನು ಉಜ್ಜಿದ ಜಾಗ, ಒಂದು ರೂಪಾಯಿ ನಾಣ್ಯದಷ್ಟು, ಜೇನಿನ ಬಣ್ಣಕ್ಕೆ ಬಂದಿದೆ. ಅತ್ತೆ ಬಂದು ನೋಡಿ ಏನೂ ಮಾತಾಡದೆ ಹೋದರು.

ಪುಣೆಯ ಧಾರವಾಡದವ · ನವೆಂಬರ್ 10

ಅಕ್ಕಾರ, ನಾನು ಇದನ್ನೇ ಹೇಳಬೇಕು ಅಂತ ಎರಡು ದಿನದಿಂದ ತಡೆದುಕೊಂಡಿದ್ದೆ. ನಿಮ್ಮ ಮನೆ ಕತ್ತಲಾಗಿರುವುದು ಸಾಗುವಾನಿಯಿಂದ ಅಲ್ಲ ರೀ. ಅರವತ್ತು ವರ್ಷದ ಅರಗು, ಧೂಳು, ಊದುಬತ್ತಿ ಹೊಗೆ, ಅದರಿಂದ. ಸಾಗುವಾನಿಯ ಮೂಲ ಬಣ್ಣ ಕಪ್ಪಲ್ಲ. ನೀವು ನೋಡಿದಿರಲ್ಲ, ಜೇನಿನ ಬಣ್ಣ. ಅದು ಮರದ ಬಣ್ಣ.

ನಾನು ಪುಣೆಯಲ್ಲಿ ಹಳೇ ವಾಡೆಗಳಿಂದ ಬಂದ ಬಾಗಿಲು ಕೊಂಡು ಸರಿಮಾಡಿ ಮಾರುತ್ತೇನೆ. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಲ್ಲಿ ಈಗ ಹೊಸ ಸಾಗುವಾನಿ ಕೇಳಿ ನೋಡಿ. ಆ ಹಳೇ ಮರದ ಗಟ್ಟಿತನ ಸಿಗುವುದಿಲ್ಲ. ವರ್ಷದ ಗೆರೆಗಳು ಕೂದಲೆಳೆಯಷ್ಟು ಹತ್ತಿರ ಇರುತ್ತವೆ ಹಳೇದರಲ್ಲಿ. ಅದರ ಮೇಲೆ ಬಿಳಿ ಬಳಿಯುವುದು ಎಂದರೆ ನನಗೆ ಹೊಟ್ಟೆ ಕಿವುಚಿದ ಹಾಗೆ ಆಗುತ್ತದೆ.

ಬಳಿಯುವುದು ಸುಲಭ. ಬಿಡಿಸುವುದು ಕಷ್ಟ. ಸಾಗುವಾನಿಯ ರಂಧ್ರ ದೊಡ್ಡದು, ಬಿಳಿ ಬಣ್ಣ ಒಳಗೆ ಹೋಗಿ ಕೂತರೆ ಆಮೇಲೆ ಸೂಜಿ ಹಾಕಿ ಕೆದರಬೇಕು. ನಾನು ಕೆದರಿದ್ದೇನೆ.

ಮುಲುಂಡ್ ಭಟ್ರು · ನವೆಂಬರ್ 10

ಧಾರವಾಡದವರೇ, ಮರದ ಮೇಲೆ ನಿಮಗಿರುವ ಪ್ರೀತಿ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಬದುಕುವವರು ಅವರು. ಮೂರು ಗಂಟೆಗೆ ಲೈಟ್ ಹಾಕಿಕೊಂಡು ಮಕ್ಕಳಿಗೆ ಹೋಂವರ್ಕ್ ಮಾಡಿಸಬೇಕಾದವರು ಅವರು. ಮರ ಮ್ಯೂಸಿಯಮ್ಮಿನದ್ದಲ್ಲ.

ಪುಣೆಯ ಧಾರವಾಡದವ · ನವೆಂಬರ್ 10

ಭಟ್ಟರ, ಎಲ್ಲ ಕಿಟಕಿ ಹಾಗೇ ಇಡಿ ಅಂತ ನಾನು ಹೇಳಿಲ್ಲ. ಅರಗಿನ ಬಾಗಿಲು ಬಿಟ್ಟುಬಿಡಿ ಅಂದೆ. ಸ್ಪಿರಿಟ್ ಮತ್ತು ಸ್ಟೀಲ್ ವೂಲ್ ತಗೊಂಡು ಒಂದು ಬಾಗಿಲು ತೊಳೆಯಿರಿ. ಒಂದು ಭಾನುವಾರ ಸಾಕು. ಕಿಟಕಿ ಬಾಗಿಲು ತೆರೆದಿಟ್ಟು, ಗ್ಯಾಸ್ ಒಲೆ ಆರಿಸಿ ಮಾಡಿ. ಅದು ಇಷ್ಟವಾಗದಿದ್ದರೆ ಆಮೇಲೆ ಬಣ್ಣ ಇದ್ದೇ ಇದೆ. ಬಣ್ಣ ಬಳಿದ ಮೇಲೆ ಈ ದಾರಿ ಇರುವುದಿಲ್ಲ.

ಮುಲುಂಡ್ ಭಟ್ರು · ನವೆಂಬರ್ 11

ಇದನ್ನು ಒಪ್ಪಿದೆ.

ಪೊವೈ ಕೆಮಿಸ್ಟ್ · ನವೆಂಬರ್ 11

ಬಣ್ಣದ ಜಗಳ ನಡೀಲಿ. ನಾನು ಧೂಳಿನ ವಿಷಯ ಹೇಳುತ್ತೇನೆ. ಈ ಥ್ರೆಡ್‌ನಲ್ಲಿ ಯಾರೂ ಎತ್ತಿಲ್ಲ.

ಅಷ್ಟು ಹಳೇ ಕಟ್ಟಡದ ಕಿಟಕಿಗಳಲ್ಲಿ, ಅದರಲ್ಲೂ ಹೊರಗಿನ ಮೈಯಲ್ಲಿ, ವಾರ್ನಿಶ್ ಕೆಳಗೋ ಮೇಲೋ ಹಳೇ ಬಣ್ಣದ ಪದರ ಇರುವುದು ಸಾಮಾನ್ಯ. ಹಸಿರು, ಹಳದಿ, ಕೇಸರಿ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಹಾಕುತ್ತಿದ್ದರು. ಮನೆ ಬಣ್ಣಗಳಲ್ಲಿ ಸೀಸಕ್ಕೆ ಮಿತಿ ಹಾಕಿದ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಮಿತಿ ದಶಲಕ್ಷಕ್ಕೆ 90 ಭಾಗ. ಅಂದರೆ ಅದಕ್ಕೂ ಹಿಂದಿನ ಯಾವುದೇ ಎನಾಮೆಲ್ ಪದರದಲ್ಲಿ ಸೀಸ ಇದೆ ಅಂದುಕೊಂಡೇ ಕೆಲಸ ಮಾಡುವುದು ಜಾಣತನ.

ಸೀಸ ಗೋಡೆ ಮೇಲೆ ಸುಮ್ನೆ ಕೂತಿದ್ದರೆ ತೊಂದರೆ ಕಡಿಮೆ. ಒಣ ಉಜ್ಜಿದಾಗ ಅದು ಹಿಟ್ಟಿನಷ್ಟು ಸಣ್ಣ ಧೂಳಾಗಿ ನೆಲ, ಹಾಸಿಗೆ, ಆಟದ ಸಾಮಾನು ಎಲ್ಲ ಕಡೆ ಕೂರುತ್ತೆ. ಅಂಬೆಗಾಲಿಡುವ ಮಗು ಕೈಯಲ್ಲಿ ಒರೆಸಿ ಬಾಯಿಗೆ ಹಾಕುತ್ತೆ. ಚಿಕ್ಕ ಮಕ್ಕಳ ಮಿದುಳಿಗೆ ಆಗುವ ಪೆಟ್ಟು ವಾಪಸ್ ಸರಿಹೋಗಲ್ಲ. ಗರ್ಭಿಣಿಯರಿಗೂ ಅಪಾಯ.

ಆದ್ದರಿಂದ ಬಣ್ಣದ ಪದರ ಕಂಡರೆ ಒದ್ದೆ ಮಾಡಿ ಉಜ್ಜಿ. ಅದಕ್ಕೇ ಅಂತ ವಾಟರ್ ಪೇಪರ್ ಸಿಗುತ್ತೆ, ಕಪ್ಪು ಬಣ್ಣದ್ದು. ಮಕ್ಕಳು ಆ ದಿನ ಬೇರೆ ಮನೆಯಲ್ಲಿರಲಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮುಗಿದ ಮೇಲೆ ಅದರ ಸಮೇತ ಮಡಚಿ ಕಸಕ್ಕೆ ಹಾಕಿ. ಪೊರಕೆ ಮುಟ್ಟಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂಗಿಗೆ ಎನ್95. ಬ್ಲೋ ಲ್ಯಾಂಪ್ ಹಚ್ಚಿ ಬಣ್ಣ ಸುಡುವ ಪೇಂಟರ್‌ಗಳು ಇನ್ನೂ ಇದ್ದಾರೆ. ಅವರನ್ನು ಒಳಗೇ ಬಿಡಬೇಡಿ.

ಮಾಟುಂಗಾ ಸೊಸೆ · ನವೆಂಬರ್ 11

ನೀವು ಹೇಳಿದ ಮೇಲೆ ಹೋಗಿ ಕೆರೆದು ನೋಡಿದೆ. ಹಾಲ್ ಕಿಟಕಿಯ ಹೊರಗಿನ ಮೈಯಲ್ಲಿ ಕಂದು ಬಣ್ಣದ ಕೆಳಗೆ ಹಸಿರು ಇದೆ. ಕಡು ಹಸಿರು. ಮಗಳಿಗೆ ನಾಲ್ಕು ವರ್ಷ. ಡೈರೆಕ್ಟ್ ಪೇಂಟರ್‌ಗೆ ಬೇಡ ಅಂತ ಮೆಸೇಜ್ ಹಾಕಿಬಿಟ್ಟೆ. ಉಜ್ಜುವ ವಾರ ಮಗಳನ್ನು ತಂಗಿ ಮನೆಗೆ, ಡೊಂಬಿವಲಿಗೆ, ಕಳಿಸುತ್ತೇನೆ.

ಇನ್ನೊಂದು ಪ್ರಶ್ನೆ. ಹೊರಗಿನ ಮೈಗೂ ಬಿಳಿ ಬಳಿಯಬಹುದಾ?

ವಸಾಯಿ ಬಾಡಿಗೆದಾರ · ನವೆಂಬರ್ 11

ಮೊದಲು ಸೊಸೈಟಿ ಸೆಕ್ರೆಟರಿಯನ್ನು ಕೇಳಿ. ಒಳಗೆ ನಿಮ್ಮ ರಾಜ್ಯ, ಹೊರಗೆ ಅವರ ರಾಜ್ಯ. ಕಟ್ಟಡದ ಮುಖ ಒಂದೇ ಥರ ಕಾಣಬೇಕು ಅಂತ ನಮ್ಮ ಸೊಸೈಟಿಯಲ್ಲಿ ಒಬ್ಬರಿಗೆ ವಾಪಸ್ ಕಂದು ಬಳಿಸಿದರು.

ಮಡಗಾಂವ್ ಕಾರವಾರಿ · ನವೆಂಬರ್ 12

ಗೋವಾದಿಂದ ಒಂದು ಮಾತು. ನಾವಿರುವುದು ಮಡಗಾಂವ್ ಹತ್ತಿರ ಒಂದು ಹಳೇ ಬಾಡಿಗೆ ಮನೆಯಲ್ಲಿ. ಕಿಟಕಿಗೆ ಗಾಜಿಲ್ಲ, ಚಿಪ್ಪು. ಸಮುದ್ರದ ಚಪ್ಪಟೆ ಚಿಪ್ಪನ್ನು ಚೌಕ ಕತ್ತರಿಸಿ ಮರದ ಸಣ್ಣ ಪಟ್ಟಿಗಳ ತೋಡಿನಲ್ಲಿ ಒಂದೊಂದಾಗಿ ತೂರಿಸಿರುತ್ತಾರೆ. ಬೆಳಕು ಹಾಲಿನ ಹಾಗೆ ಬರುತ್ತದೆ. ಹಿಂದಿದ್ದವರು ಆ ಪಟ್ಟಿಗಳಿಗೆ ವಾರ್ನಿಶ್ ಮೇಲೆ ಎನಾಮೆಲ್ ಹೊಡೆಸಿದ್ದರು. ಪೇಂಟರ್ ತೋಡಿನೊಳಗೂ ಬಣ್ಣ ತುಂಬಿದ್ದ. ಈಗ ಒಂದು ಚಿಪ್ಪು ಒಡೆದರೆ ಹೊಸದು ತೂರಿಸಲಿಕ್ಕೇ ಆಗುವುದಿಲ್ಲ, ಪಟ್ಟಿ ಮುರಿಯಬೇಕು. ಏಳು ಚಿಪ್ಪಿನ ಜಾಗಕ್ಕೆ ಈಗ ರಟ್ಟು ಹಾಕಿದ್ದೇವೆ.

ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಾನು ಕಲಿತದ್ದು, ಹೊರಗಿನ ಮರ ಕೊಳೆಯುವುದು ಯಾವಾಗಲೂ ಕೆಳಗಿನ ಅಡ್ಡಪಟ್ಟಿಯಿಂದ. ನೀರು ಅಲ್ಲಿಗೇ ಇಳಿದು ನಿಲ್ಲುತ್ತದೆ. ಕಿಟಕಿ ರೆಕ್ಕೆ ಕೆಳಗೆ ಇಳಿಸಿ ಅದರ ತಳದ ಅಂಚಿಗೆ, ಮರದ ಕೊಯ್ದ ತುದಿಗೆ, ಎರಡು ಕೈ ಜಾಸ್ತಿ ಪ್ರೈಮರ್ ಕುಡಿಸಿ. ಅಲ್ಲಿ ಯಾರೂ ಬಳಿಯುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲವಲ್ಲ. ಸ್ಕ್ರೂ ಡ್ರೈವರ್‌ನಲ್ಲಿ ಮೊದಲು ಚುಚ್ಚಿ ನೋಡಿ. ಬೆಣ್ಣೆಯ ಹಾಗೆ ಒಳಗೆ ಹೋದರೆ ಬಣ್ಣದವನನ್ನಲ್ಲ, ಬಡಗಿಯನ್ನು ಕರೆಸಿ.

ಡೊಂಬಿವಲಿ ಬಣ್ಣದಂಗಡಿ · ನವೆಂಬರ್ 12

ಬಿಳಿ ಅಂತ ಹೇಳಿದ್ದೀರಿ, ಅದಕ್ಕೆ ಎರಡು ಎಚ್ಚರಿಕೆ.

ಒಂದು, ಸಾಗುವಾನಿಯ ಒಳಗಿನ ಎಣ್ಣೆ, ಕಂದು ರಸ ಬಿಳಿಯನ್ನು ಸೀಳಿ ಮೇಲೆ ಬರುತ್ತೆ. ಚಹಾ ಕಲೆ ಥರ. ನೀರಿನ ಪ್ರೈಮರ್ ಹಾಕಿದರೆ ಆ ರಸವನ್ನು ಅದೇ ಕರಗಿಸಿ ಎಳೆದು ತರುತ್ತೆ. ಎಷ್ಟು ಕೈ ಬಳಿದರೂ ಮತ್ತೆ ಬರುತ್ತೆ. ಆಯಿಲ್ ಪ್ರೈಮರ್ ಹಾಕಿ. ಆಗಲೂ ಗಂಟು ಇರುವ ಕಡೆ, ಮರ ಬರಿದಾಗಿರುವ ಕಡೆ ಕಲೆ ಬಂದರೆ ಅಷ್ಟಕ್ಕೆ ತೆಳ್ಳಗೆ ಅರಗು ಒರೆಸಿ, ಒಣಗಿದ ಮೇಲೆ ಮತ್ತೆ ಪ್ರೈಮರ್. ಚಪಡಾದಲ್ಲಿ ಮೇಣ ಇರುತ್ತೆ, ಅದು ಮೇಲಿನ ಬಣ್ಣವನ್ನು ಜಾರಿಸುತ್ತೆ. ಸ್ಪಿರಿಟ್‌ನಲ್ಲಿ ಕರಗಿಸಿ ನಾಲ್ಕು ದಿನ ಅಲುಗಾಡಿಸದೆ ಇಡಿ. ಮೇಣ ಕೆಳಗೆ ಕೂರುತ್ತೆ. ಮೇಲಿನ ತಿಳಿ ಮಾತ್ರ ತಗೊಳ್ಳಿ.

ಎರಡು, ಬಿಳಿ ಆಯಿಲ್ ಎನಾಮೆಲ್ ಹಳದಿಯಾಗುತ್ತೆ. ಬೆಳಕು ಕಡಿಮೆ ಇರುವಲ್ಲಿ ಬೇಗ. ಕಪಾಟಿನ ಒಳಮೈ, ಕ್ಯಾಲೆಂಡರ್ ಹಿಂದೆ, ಬಾಗಿಲ ಹಿಂಬದಿ ನೋಡಿದರೆ ಗೊತ್ತಾಗುತ್ತೆ. ನಿಮ್ಮದು ಮೊದಲೇ ಕತ್ತಲ ಮನೆ. ಪ್ರೈಮರ್ ಆಯಿಲ್ ಇರಲಿ, ಅದು ಚೆನ್ನಾಗಿ ಒಣಗಿದ ಮೇಲೆ ಹಗುರವಾಗಿ ಉಜ್ಜಿ ಮೇಲಿನ ಎರಡು ಕೈ ನೀರಿನ ಎನಾಮೆಲ್ ಹಾಕಿ. ಅದು ಹಳದಿಯಾಗಲ್ಲ, ವಾಸನೆಯೂ ಕಡಿಮೆ. ನಾನು ಎರಡೂ ಮಾರುತ್ತೇನೆ, ಹಾಗಾಗಿ ಪಕ್ಷಪಾತ ಇಲ್ಲ!

ಅಳತೆಗೆ, ಒಂದು ಲೀಟರ್ ಒಂದು ಕೈಗೆ ಸುಮಾರು ನೂರು ಚದರ ಅಡಿ ಅಂತ ಇಟ್ಟುಕೊಳ್ಳಿ. ಕಿಟಕಿಗಳಿಗೆ ಸುಮ್ನೆ ನಾಲ್ಕು ಲೀಟರ್ ಡಬ್ಬಿ ಕೊಡುವ ಅಂಗಡಿಯವರೂ ಇದ್ದಾರೆ.

ಪೊವೈ ಕೆಮಿಸ್ಟ್ · ನವೆಂಬರ್ 12

ಸ್ಪ್ರೇ ಡಬ್ಬಿಯ ಫರ್ನಿಚರ್ ಪಾಲಿಶ್ ಹಾಕಿ ಒರೆಸುವ ಅಭ್ಯಾಸ ಇದ್ದರೆ ಹೇಳಿ. ಅದರಲ್ಲಿ ಸಿಲಿಕೋನ್ ಇದ್ದರೆ ಹೊಸ ಬಣ್ಣ ಮೀನಿನ ಕಣ್ಣಿನ ಹಾಗೆ ಗುಂಡಿ ಗುಂಡಿ ಬಿಡುತ್ತೆ. ಉಜ್ಜುವ ಮೊದಲೇ ಟರ್ಪೆಂಟೈನ್‌ನಲ್ಲಿ ಎರಡು ಸಲ, ಪ್ರತಿ ಸಲ ಹೊಸ ಬಟ್ಟೆಯಲ್ಲಿ ಒರೆಸಬೇಕು.

ಗಾಜಿನ ಪುಟ್ಟಿಗೆ ಅಗಸೆ ಎಣ್ಣೆ ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ನಿಜವಾಗಿ. ನೀರಲ್ಲಿ ನೆನೆಸಿ, ಇಲ್ಲವೇ ಗ್ರಿಲ್ ಮೇಲೆ ಬಿಡಿಸಿ ಹರವಿ.

ಮಾಟುಂಗಾ ಸೊಸೆ · ನವೆಂಬರ್ 13

ಸ್ಪ್ರೇ ಇಲ್ಲ. ಅತ್ತೆ ಕೊಬ್ಬರಿ ಎಣ್ಣೆ ಹಾಕಿ ಒರೆಸುತ್ತಾರೆ, ದೀಪಾವಳಿಗೆ, ಯುಗಾದಿಗೆ.

ಮುಲುಂಡ್ ಭಟ್ರು · ನವೆಂಬರ್ 13

ಕೊಬ್ಬರಿ ಎಣ್ಣೆಯಾ! ಅದು ಒಣಗುವ ಎಣ್ಣೆಯೇ ಅಲ್ಲ. ವಾಷಿಂಗ್ ಸೋಡಾ ಒಂದು ಚಮಚ ಜಾಸ್ತಿ ಮಾಡಿ.

ಕಿಟಕಿ ಬಗ್ಗೆ ಇನ್ನೂ ನಾಲ್ಕು ಮಾತು. ರೆಕ್ಕೆ ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಪೆನ್ಸಿಲಿನಲ್ಲಿ ನಂಬರ್ ಹಾಕಿ, ಬಿಜಾಗ್ರಿ (ಕೀಲು) ಕೂರುವ ಜಾಗದ ಒಳಗೆ. ಹೊರಗೆ ಬರೆದರೆ ಉಜ್ಜುವಾಗ ಹೋಗುತ್ತದೆ. ಒಮ್ಮೆ ನಾನು ನಂಬರಿಲ್ಲದೆ ಆರು ರೆಕ್ಕೆ ಬಿಚ್ಚಿ, ಮೂರು ದಿನ ಯಾವುದು ಎಲ್ಲಿಯದ್ದು ಎಂದು ಹುಡುಕಿದ್ದೇನೆ. ಹಿತ್ತಾಳೆ ಚಿಲಕ, ಬಿಜಾಗ್ರಿ ತೆಗೆದಿಡಿ. ಅವಕ್ಕೆ ಬಣ್ಣ ಮೆತ್ತಿದ ಮನೆ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಗಾಜಿನ ಅಂಚಿನಲ್ಲಿ ಬಣ್ಣ ಗಾಜಿನ ಮೇಲೆ ಒಂದೆರಡು ಮಿಲಿಮೀಟರ್ ಬರಲಿ. ತಪ್ಪಲ್ಲ, ಬೇಕಂತಲೇ. ಪುಟ್ಟಿಗೂ ಗಾಜಿಗೂ ನಡುವೆ ನೀರು ಇಳಿಯುವುದು ಅದರಿಂದ ನಿಲ್ಲುತ್ತದೆ. ಹೊಸ ಪುಟ್ಟಿ ಹಾಕಿದರೆ ಮೇಲೆ ಕೆನೆಗಟ್ಟಲು ಒಂದು ವಾರವಾದರೂ ಬಿಡಿ.

ಎಲ್ಲಕ್ಕಿಂತ ಮುಖ್ಯ, ಸಂದು. ರೆಕ್ಕೆಗೂ ಚೌಕಟ್ಟಿಗೂ ನಡುವೆ ಈಗ ಎಷ್ಟು ಸಂದು ಉಂಟು ನೋಡಿ. ಅಸ್ತರ್, ಬಣ್ಣ ಎಲ್ಲ ಸೇರಿ ಎರಡೂ ಕಡೆ ದಪ್ಪವಾಗುತ್ತದೆ. ಈಗ ನವೆಂಬರಿನಲ್ಲಿ ಸಲೀಸಾಗಿ ಮುಚ್ಚುವ ಕಿಟಕಿ ಜುಲೈಯಲ್ಲಿ ಮಳೆಗೆ ಉಬ್ಬಿದಾಗ ಮುಚ್ಚುವುದಿಲ್ಲ. ಎರಡು ರೂಪಾಯಿ ನಾಣ್ಯ ಸುತ್ತಲೂ ಸುಲಭವಾಗಿ ಹೋಗಬೇಕು. ಹೋಗದಿದ್ದರೆ ಬಣ್ಣಕ್ಕೆ ಮೊದಲೇ ರಂಧಾ ಹೊಡೆಸಿ, ಅಂದರೆ ಕೀಸುಳಿಯಲ್ಲಿ ಅಂಚು ಕೆತ್ತಿಸಿ.

ಬಳಿದ ಮೇಲೆ ಒಂದು ವಾರ ಪೂರ್ತಿ ಮುಚ್ಚಬೇಡಿ. ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿಯಿರುತ್ತದೆ. ಎರಡು ಮೈ ಒತ್ತಿ ಅಂಟಿಕೊಂಡರೆ ಬಿಡಿಸುವಾಗ ಬಣ್ಣ ಸಮೇತ ಬರುತ್ತದೆ. ಕೊನೆಗೆ ತಾಗುವ ಅಂಚಿಗೆ ಮೇಣದ ಬತ್ತಿ ಒಮ್ಮೆ ತೀಡಿ.

ಮಾಟುಂಗಾ ಸೊಸೆ · ಡಿಸೆಂಬರ್ 21

ಬಹಳ ದಿನ ಆಯಿತು, ಕ್ಷಮಿಸಿ. ಕೈ ಇನ್ನೂ ನೋಯುತ್ತಿದೆ.

ಧಾರವಾಡದ ಸರ್ ಮಾತಿನಂತೆ ಮೊದಲು ದೇವರ ಕೋಣೆ ಬಾಗಿಲು ಸ್ಪಿರಿಟ್‌ನಲ್ಲಿ ತೊಳೆದೆ. ನಾನಲ್ಲ, ಅತ್ತೆ. ಅರ್ಧ ನಾನು ಮಾಡಿದೆ, ಊಟಕ್ಕೆ ಎದ್ದೆ, ಬಂದು ನೋಡಿದರೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಕೂತಿದ್ದರು. ಸಂಜೆ ತನಕ ಏಳಲಿಲ್ಲ. ಒಳಗಿನ ಐದೂ ಬಾಗಿಲು ಈಗ ಜೇನಿನ ಬಣ್ಣ, ಮೇಲೆ ತೆಳ್ಳಗೆ ಹೊಸ ಚಪಡಾ. ಕಪಾಟು ಹಾಗೇ ಬಿಟ್ಟೆವು. ಮೆಲಮೈನ್ ಉಜ್ಜುವ ಶಕ್ತಿ ಯಾರಿಗೂ ಉಳಿದಿರಲಿಲ್ಲ.

ಕಿಟಕಿಗಳಿಗೆ ಮಾತ್ರ ಕೆನೆ ಬಣ್ಣ, ಒಳಮೈಗೆ. ಸೆಕ್ರೆಟರಿ ಒಪ್ಪಲಿಲ್ಲ, ಹೊರಗೆ ಕಂದೇ. ಹೊಸ ಪೇಂಟರ್ ಸಿಕ್ಕಿದ, ರತ್ನಾಗಿರಿ ಕಡೆಯವನು. ಉಜ್ಜುವುದಕ್ಕೇ ಐದು ದಿನ ತೆಗೆದುಕೊಂಡ. ಒದ್ದೆ ಉಜ್ಜಿ ಅಂದಾಗ ಮೊದಲು ಮುಖ ಗಂಟು ಹಾಕಿದ. ಹಸಿರು ನೀರು ಇಳಿಯುವುದು ತೋರಿಸಿ, ಮಗಳಿದ್ದಾಳೆ ಅಂದೆ. ಅವನಿಗೂ ಚಿಕ್ಕ ಮಗು ಇದೆಯಂತೆ. ಮಾರನೇ ದಿನ ಅವನೇ ಮಾಸ್ಕ್ ತಂದ.

ಕಲೆ ಎರಡು ಕಡೆ ಬಂತು, ಮಲಗುವ ಕೋಣೆ ಕಿಟಕಿಯ ಗಂಟಿನಲ್ಲಿ. ತಿಳಿ ಅರಗು ಒರೆಸಿದ ಮೇಲೆ ನಿಂತಿದೆ. ವಾರ ಬಿಟ್ಟು ಬ್ಲೇಡಿನಲ್ಲಿ ಸಣ್ಣ ಚೌಕಗಳ ಗೀರು ಹಾಕಿ, ಟೇಪ್ ಅಂಟಿಸಿ ಎಳೆದು ನೋಡಿದೆ. ಏನೂ ಬರಲಿಲ್ಲ. ವಸಾಯಿಯವರೇ, ನಿಮ್ಮನ್ನು ನೆನೆದೆ.

ಈಗ ನಾಲ್ಕೂವರೆ ತನಕ ಲೈಟ್ ಬೇಡ.

ವಸಾಯಿ ಬಾಡಿಗೆದಾರ · ಡಿಸೆಂಬರ್ 21

ನನ್ನ ಸೋಲು ಒಬ್ಬರಿಗಾದರೂ ಉಪಯೋಗಕ್ಕೆ ಬಂತಲ್ಲ. ಫೋಟೋ ಹಾಕಿ.

ಪುಣೆಯ ಧಾರವಾಡದವ · ಡಿಸೆಂಬರ್ 22

ಐದು ಬಾಗಿಲು ಉಳಿದವು. ಕಿಟಕಿಗಳ ಬಗ್ಗೆ ನಾನು ಮಾತಾಡುವುದಿಲ್ಲ ರೀ. ಅತ್ತೆಯವರಿಗೆ ನಮಸ್ಕಾರ ಹೇಳಿ.

ಮಾಟುಂಗಾ ಸೊಸೆ · ಜುಲೈ 16

ಭಟ್ರೇ, ಅಡುಗೆಮನೆ ಕಿಟಕಿ ಬಿಗಿಯಾಯಿತು. ಉಳಿದ ಆರು ಸರಿಯಾಗಿವೆ. ಇದೊಂದಕ್ಕೆ ನಾಣ್ಯ ಹಾಕಿ ನೋಡಲು ಮರೆತಿದ್ದೆ. ಅರ್ಧಕ್ಕೆ ನಿಂತಿದೆ, ಒಳಗೂ ಬರಲ್ಲ, ಹೊರಗೂ ಹೋಗಲ್ಲ. ಬಡಗಿ ನಾಳೆಯೇ ಬಂದು ರಂಧಾ ಹೊಡೀತೀನಿ ಅಂತಿದ್ದಾನೆ.

ಮುಲುಂಡ್ ಭಟ್ರು · ಜುಲೈ 16

ಬೇಡ, ಬೇಡ! ಈಗ ಮರ ನೀರು ಕುಡಿದು ಉಬ್ಬಿದೆ. ಈಗ ಕೆತ್ತಿದರೆ ಜನವರಿಯಲ್ಲಿ ಒಣಗಿ, ಸಂದಿನಲ್ಲಿ ಬೆರಳು ಹೋಗುತ್ತದೆ. ಈಗ ಬರೀ ತಾಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಡಿ. ದೀಪಾವಳಿ ಕಳೆದು ಒಣಗಿದ ಮೇಲೆ ಗುರುತಿನಷ್ಟೇ ತೆಗೆಸಿ. ತೆಗೆಸಿದ ಕಡೆ ಬರಿ ಮರ ಬಿಡಬೇಡಿ, ಅದೇ ದಿನ ಅಸ್ತರ್ ಬಳಿಯಿರಿ. ಇಲ್ಲದಿದ್ದರೆ ಬರುವ ಮಳೆಗೆ ಅಲ್ಲಿಂದಲೇ ನೀರು ಕುಡಿಯುತ್ತದೆ.

ಮಾಟುಂಗಾ ಸೊಸೆ · ಜುಲೈ 17

ಸರಿ, ಬಡಗಿಗೆ ನವೆಂಬರ್‌ಗೆ ಬಾ ಅಂದೆ. ಪೆನ್ಸಿಲ್ ಗುರುತು ಹಾಕಿದ್ದೇನೆ. ಒಗ್ಗರಣೆ ಹೊಗೆ ಹೋಗಲು ಅರ್ಧ ಕಿಟಕಿ ಸಾಕು. ಆದರೆ ಆ ಸಂದಿಯಿಂದ ಪಾರಿವಾಳ ಒಳಗೆ ಬಂದು ಮಿಕ್ಸರ್ ಮೇಲೆ ಕೂರುತ್ತಿದೆ. ಅದಕ್ಕೆ ಏನಾದರೂ ಉಪಾಯ ಇದೆಯಾ?

ವಸಾಯಿ ಬಾಡಿಗೆದಾರ · ಜುಲೈ 17

ಪಾರಿವಾಳಕ್ಕೆ ಬೇರೆ ಥ್ರೆಡ್ ಶುರುಮಾಡಿ ಅಕ್ಕ. ಅದು ಇದಕ್ಕಿಂತ ಉದ್ದ ಆಗುತ್ತೆ.